ತೊಂಬತ್ತಾರು ಬೋಲ್ಟು, ನಾಲ್ಕು ಬಣ್ಣ

ಮಾರ್ಚ್ 3, ಸೋಮವಾರ

ಇವತ್ತು ನಾನು ಗೆದ್ದೆ. ಗೆದ್ದವರಿಗೆ ಇಷ್ಟೊಂದು ಕಸಿವಿಸಿ ಆಗುತ್ತದೆಯೇ ಎಂದು ಕೇಳಿಕೊಳ್ಳುತ್ತ ಬರೆಯಲು ಕೂತಿದ್ದೇನೆ.

ಗಂಡನ ಜೀಪು ಮಾರುವುದೆಂದು ತೀರ್ಮಾನವಾಯಿತು. ಮೂರು ವಾರದ ಹಿಂದೆ ಕಲ್ಲಿನ ಇಳಿಜಾರಿನಲ್ಲಿ ಅದರ ಮುಂದಿನ ಎಡಗಡೆಯ ಟೈರು ಕಳಚಿತು, ಗಾಡಿ ಪಕ್ಕಕ್ಕೆ ಮಗುಚಿತು, ಇವರ ಬಲಭುಜದ ಮೂಳೆ ಮುರಿಯಿತು. ಅಂದಿನಿಂದ ಕೈ ಜೋಲಿಯಲ್ಲಿದೆ, ಶಾಲೆಗೆ ರಜೆ. ಭೂಗೋಳದ ಮೇಷ್ಟ್ರು ಭೂಮಿಯನ್ನು ನಕ್ಷೆಯಲ್ಲಿ ನೋಡಿಕೊಂಡು ಸುಮ್ಮನಿರಬಾರದೆ? ಇವರಿಗೆ ರಸ್ತೆ ಮುಗಿದ ಮೇಲೆಯೇ ಪ್ರಯಾಣ ಶುರು.

"ಇನ್ನೊಂದು ಸಲ ಗೇಟಿನ ಹತ್ರ ನಿಂತು ನಿಮ್ಮನ್ನ ಕಳಿಸೋಕೆ ನನ್ನಿಂದ ಆಗಲ್ಲ ರೀ. ಆ ಗಾಡಿ ಹೋಗ್ಲಿ," ಎಂದೆ ನಿನ್ನೆ. ವಾದಕ್ಕೆಂದು ಏಳು ಅಂಶಗಳನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಅವರು "ಆಯ್ತು" ಎಂದರು. ಏಳೂ ಬಾಯಲ್ಲೇ ಉಳಿದವು.

ಸಂಜೆ ಕೊಳ್ಳುವವರು ಬಂದರು. ರಸ್ತೆ ಗುತ್ತಿಗೆದಾರರು. ಜೀಪಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ ನಾಲ್ಕೂ ಟೈರಿಗೆ ಒಂದೊಂದು ಒದೆ ಕೊಟ್ಟರು. ವರಾಂಡದಲ್ಲಿ ಕೂತಿದ್ದ ಅತ್ತೆ ಕೇಳಿಯೇಬಿಟ್ಟರು: "ರಸ್ತೆ ಮಾಡೋರಿಗೆ ರಸ್ತೆ ಬೇಡದ ಗಾಡಿ ಯಾಕಪ್ಪಾ? ನೀವು ಮಾಡಿದ ರಸ್ತೆ ಮೇಲೆ ನಿಮಗೇ ನಂಬಿಕೆ ಇಲ್ವಾ?"

ಅವರು ನಗಲಿಲ್ಲ. "ಅಮ್ಮಾ, ಸುತ್ತ ಬೋಲ್ಟು ಬಿಗಿಯೋ ಈ ಬೀಡ್‌ಲಾಕ್ ಚಕ್ರದ ಮೇಲೆ ನಂಗೆ ನಂಬಿಕೆ ಇಲ್ಲ. ಹಿಂದಿನ ಗಾಡೀಲಿ ಗಾಳಿ ಸೋರಿ, ಕೆಲಸದೋರನ್ನೆಲ್ಲ ಇಟ್ಕೊಂಡು ಒಂದಿಡೀ ದಿನ ಬಟ್ಟ ಬಯಲಲ್ಲಿ ನಿಂತಿದ್ದೆ. ತಿಂಗಳ ಕೊನೇ ಭಾನುವಾರ ಬರ್ತೀನಿ. ಅದಕ್ಕೆ ಒಂದು ವಾರ ಮುಂಚೆ ನಾಲ್ಕಕ್ಕೂ ಇಪ್ಪತ್ತೆಂಟು ಪೌಂಡ್ ಗಾಳಿ ತುಂಬಿ ಬಿಟ್ಬಿಡಿ, ಮತ್ತೆ ಪಂಪು ಮುಟ್ಟಬಾರದು. ನಾನು ಬಂದಾಗ ಒಂದರಲ್ಲಿ ಕಮ್ಮಿ ಇದ್ರೂ ನಂಗೆ ಬೇಡ."

ಇವರು ಎಡಗೈಯಿಂದ ಕೈಕುಲುಕಿ ಒಪ್ಪಿದರು. ಅದೂ ತುಂಬ ಬೇಗ.

ಮಾರ್ಚ್ 5, ಬುಧವಾರ

ತಗಡಿನ ಕೆಲಸವನ್ನು ವರ್ಕ್‌ಶಾಪಿನವರು ಹೋದ ವಾರವೇ ಮುಗಿಸಿ, ಕಳಚಿದ ಚಕ್ರದ ಜಾಗಕ್ಕೆ ಸ್ಟೆಪ್ನಿ ಹಾಕಿ ಕಳಿಸಿದ್ದಾರೆ. ಕಳಚಿದ ಚಕ್ರವನ್ನು ಹಿಂದೆ ಎಸೆದಿದ್ದಾರೆ, ಮುಟ್ಟಿಲ್ಲ. ಟೈರ್ ಅಂಗಡಿಗೆ ತೆಗೆದುಕೊಂಡು ಹೋದೆ. ಅಂಗಡಿಯವರು ಅದನ್ನು ನೋಡಿದ ರೀತಿ, ಮೊದಲ ಸಲ ನನ್ನ ಕ್ಲಿನಿಕ್ಕಿಗೆ ಬಂದ ಮಕ್ಕಳು ನನ್ನ ಕುರ್ಚಿಯನ್ನು ನೋಡುವ ಹಾಗಿತ್ತು.

"ಬೀಡ್‌ಲಾಕಾ? ನಾನು ಕೈ ಹಾಕಲ್ಲಮ್ಮ. ನಿಮ್ಮ ಯಜಮಾನರೇ ಮಾಡ್ಕೋತಾರಲ್ಲ."

"ಅವರ ಕೈ ಮುರಿದಿದೆ."

"ಹಾಗಾದ್ರೆ ನಿಮ್ಮ ಕೈ ಇದೆಯಲ್ಲ," ಎಂದು ಅವರು ಬೇರೆ ಗಿರಾಕಿಯ ಕಡೆ ತಿರುಗಿದರು.

ತಮಾಷೆಗೆ ಹೇಳಿದ್ದು. ನಾನು ಮಾತ್ರ ಮನೆಗೆ ಬರುವವರೆಗೂ ನನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದೆ. ಹದಿನೆಂಟು ವರ್ಷದಿಂದ ಜನರ ದವಡೆಗೆ ಸ್ಕ್ರೂ ಹಾಕಿ ಹಲ್ಲು ಕೂರಿಸುತ್ತಿದ್ದೇನೆ. ಬಿಗಿ ಕಡಿಮೆಯಾದರೆ ಹಲ್ಲು ಅಲುಗಾಡುತ್ತದೆ, ಹೆಚ್ಚಾದರೆ ಸ್ಕ್ರೂ ತುಂಡಾಗುತ್ತದೆ. ಅದಕ್ಕೆಂದೇ ಬಿಗಿಯನ್ನು ಅಳೆಯುವ, ಪೆನ್ನಿನಷ್ಟುದ್ದದ ಟಾರ್ಕ್ ವ್ರೆಂಚ್ ನನ್ನ ಬಳಿ ಇದೆ. ಗಂಡನ ಟಾರ್ಕ್ ವ್ರೆಂಚ್ ಮೊಳದುದ್ದ ಇದೆ. ವ್ಯತ್ಯಾಸ ಅಷ್ಟೇ ತಾನೆ?

ಅಷ್ಟೇ ಅಲ್ಲ ಎಂದು ಗೊತ್ತಿದ್ದೂ ಸಂಜೆ ಹೇಳಿಬಿಟ್ಟೆ: "ನಾನೇ ಮಾಡ್ತೀನಿ. ಮಾರೋಕೆ ಬೇಕಲ್ಲ."

ಮಾರ್ಚ್ 8, ಶನಿವಾರ

ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ನೆಲದ ಮೇಲೆ. ಸೊಂಟ ಹೋಗಿದೆ. ಆದರೂ ಬರೆಯಬೇಕು.

ಸಾಧಾರಣ ಚಕ್ರದಲ್ಲಿ ಟೈರಿನ ಅಂಚನ್ನು ಒಳಗಿನ ಗಾಳಿಯೇ ಒತ್ತಿ ಹಿಡಿದಿರುತ್ತದೆಯಂತೆ. ಕಲ್ಲು, ಮರಳಿನಲ್ಲಿ ಹಿಡಿತ ಸಿಗಲೆಂದು ಗಾಳಿ ಇಳಿಸಿದರೆ ಟೈರು ಕಳಚಿಕೊಳ್ಳಬಹುದು. ಇದರಲ್ಲಿ ಹಾಗಾಗದಂತೆ ಟೈರಿನ ಹೊರ ಅಂಚಿನ ಮೇಲೆ ಲೋಹದ ದೊಡ್ಡ ಬಳೆಯೊಂದನ್ನು ಇಟ್ಟು ಸುತ್ತ ಇಪ್ಪತ್ತನಾಲ್ಕು ಬೋಲ್ಟು ಬಿಗಿಯುತ್ತಾರೆ. ನಾಲ್ಕು ಚಕ್ರಕ್ಕೆ ತೊಂಬತ್ತಾರು. ಒಬ್ಬ ಮನುಷ್ಯನಿಗೆ ಮೂವತ್ತೆರಡು ಹಲ್ಲು. ಅಂದರೆ ಈ ಜೀಪು ಸರಿಯಾಗಿ ಮೂರು ಜನ.

ಇವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪಾಠ ಶುರುಮಾಡಿದರು. "ಮೊದಲನೇ ನಿಯಮ. ಗಾಳಿ ಪೂರ್ತಿ ಬಿಡದೆ ಬಳೆಯ ಒಂದು ಬೋಲ್ಟನ್ನೂ ಸಡಿಲ ಮಾಡಬಾರದು. ಮಾಡಿದ್ರೆ ಬಳೆ ಹಾರಿ ಬಂದು ಮುಖಕ್ಕೆ ಬಡಿಯುತ್ತೆ."

ಹಳೆಯ ಬಳೆ ಸೊಟ್ಟಗಾಗಿತ್ತು, ಹೊಸದು ತರಿಸಿದ್ದರು. ಬೋಲ್ಟಿನ ಸುರುಳಿ ಗೀರುಗಳೊಳಗೆ ಕೂತಿದ್ದ ಮಣ್ಣನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಕ್ಲಿನಿಕ್ಕಿನಲ್ಲಿ ಬ್ರಷ್ಷಿಗೇನು ಬರ. ತುಕ್ಕು ಹಿಡಿದು ಕಚ್ಚಿಕೊಳ್ಳದಂತೆ ಬೂದುಬಣ್ಣದ ಪೇಸ್ಟು ಸವರಿದೆ. ಮೊದಲು ಎಲ್ಲವನ್ನೂ ಕೈಯಿಂದ, ಆಮೇಲೆ ವ್ರೆಂಚನ್ನು ಹತ್ತಕ್ಕೆ ಇಟ್ಟು, ಕೊನೆಗೆ ಇಪ್ಪತ್ತಕ್ಕೆ ಇಟ್ಟು ಬಿಗಿದೆ. ಗುರುತು ಮುಟ್ಟಿದ ಕೂಡಲೆ ವ್ರೆಂಚು 'ಟಕ್' ಎನ್ನುತ್ತದೆ.

"ಎದುರಿಗಿಂದು! ಪಕ್ಕದ್ದಲ್ಲ ಕಣೇ, ಎದುರಿಗಿರೋದು!"

"ಗೊತ್ತು ರೀ. ಒಂದೇ ಕಡೆಯಿಂದ ಬಿಗೀತಾ ಹೋದ್ರೆ ಇನ್ನೊಂದು ಕಡೆ ಬಾಯಿ ಬಿಡುತ್ತೆ. ನಿಮ್ಮ ಹಲ್ಲಿನ ಸೆಟ್ಟು ಯಾವತ್ತಾದ್ರೂ ಬೇಕಾದಾಗ ಹೇಳ್ತೀನಿ."

ಅತ್ತೆ ಚಕ್ರ ಉರುಳದಂತೆ ಕಾಲು ಅಡ್ಡ ಕೊಟ್ಟಿದ್ದರು. "ಡಾಕ್ಟ್ರಮ್ಮ, ಇವನ ಬಾಯಿಗೂ ನಾಲ್ಕು ಬೋಲ್ಟು ಹಾಕ್ತೀಯಾ?" ಎಂದರು. ಅವರು ನನ್ನನ್ನು ಡಾಕ್ಟ್ರಮ್ಮ ಎಂದು ಕರೆಯುವುದು ಒಂದೋ ಕೋಪದಲ್ಲಿ, ಇಲ್ಲವೇ ಲಹರಿಯಲ್ಲಿ. ಇವತ್ತಿನದು ಲಹರಿ.

ಬಿಗಿದ ಬೋಲ್ಟಿನಿಂದ ಬಳೆಯವರೆಗೆ ಬಣ್ಣದ ಒಂದು ಗೆರೆ ಎಳೆಯಬೇಕು. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಗೊತ್ತಾಗುತ್ತದೆ. ಇವರ ಪೇಂಟ್ ಪೆನ್ನು ಒಣಗಿಹೋಗಿತ್ತು. ಅಕ್ಕ ಎರಡು ವರ್ಷದ ಹಿಂದೆ ಕೊಟ್ಟ ಉಗುರುಬಣ್ಣದ ಡಬ್ಬಿ ನೆನಪಾಯಿತು. "ನಿನ್ನ ಬದುಕಿಗೆ ಒಂಚೂರು ಬಣ್ಣ ಬರ್ಲಿ" ಎಂದು ಕೊಟ್ಟಿದ್ದಳು. ನಾಲ್ಕು ಶೀಶೆ, ಒಂದನ್ನೂ ತೆರೆದಿರಲಿಲ್ಲ. ಚಕ್ರಕ್ಕೊಂದು ಬಣ್ಣ ಹಂಚಿದೆ: ಮುಂದಿನ ಎಡಕ್ಕೆ ನೇರಳೆ, ಮುಂದಿನ ಬಲಕ್ಕೆ ಕೆಂಪು, ಹಿಂದಿನ ಬಲಕ್ಕೆ ಹಸಿರು, ಹಿಂದಿನ ಎಡಕ್ಕೆ ಹಳದಿ.

ಉಳಿದ ಮೂರು ಚಕ್ರಗಳನ್ನೂ ಪರೀಕ್ಷಿಸಿದೆ. ಎಪ್ಪತ್ತೆರಡರಲ್ಲಿ ಹನ್ನೊಂದು ಸಡಿಲ. ಹನ್ನೊಂದು! "ಇದೇನ್ರೀ?" ಎಂದರೆ ಇವರು ಜೋಲಿ ಸರಿಮಾಡಿಕೊಳ್ಳತೊಡಗಿದರು.

ಮಾರ್ಚ್ 9, ಭಾನುವಾರ

ಬಳೆ ಹೊಸದಾಗಿ ಕೂರಿಸಿದ ಮೇಲೆ ಐವತ್ತು ಕಿಲೋಮೀಟರ್ ಓಡಿಸಿ ಮತ್ತೆ ಬಿಗಿಯಬೇಕಂತೆ. ಟೈರಿನ ರಬ್ಬರು ಅಷ್ಟರಲ್ಲಿ ಅಮುಕಿಕೊಂಡು ಬೋಲ್ಟುಗಳು ಸಡಿಲವಾಗಿರುತ್ತವೆ. ಇದಕ್ಕೆ ಮರುಬಿಗಿ ಎನ್ನುತ್ತಾರೆ. ಓಡಿಸುವವರು ಯಾರು? ಇವರಿಗೆ ಕುಲುಕಾಟ ಕೂಡದು.

ಹಾಗಾಗಿ ನಾನು. ಕರ್ತವ್ಯವೆಂದು ಹೊರಟೆ. ಹೊರಡುವಾಗ ಅತ್ತೆ ಆಗಲೇ ಪಕ್ಕದ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಕೂತಿದ್ದರು. ಈ ಎತ್ತರಕ್ಕೆ ಅವರು ಹತ್ತಿದ್ದು ಹೇಗೆಂದು ಕೇಳಿದೆ. "ಹತ್ತಿದೆ," ಎಂದರು.

ಇಪ್ಪತ್ತು ಕಿಲೋಮೀಟರ್ ಡಾಂಬರು ರಸ್ತೆ. ಆಮೇಲೆ ಹಳೆಯ ಕಲ್ಲುಗಣಿಯ ದಾರಿ ಎಡಕ್ಕೆ ತಿರುಗಿತು. ಟೈರು ಸರಿಯಾಗಿ ಕೂರಬೇಕಾದರೆ ಸ್ವಲ್ಪ ಒರಟು ನೆಲವೂ ಬೇಕು ಎಂದು ನನಗೆ ಅನಿಸಿತು. ಹಾಗೆಂದು ಎಲ್ಲಿಯೂ ಓದಿಲ್ಲ. ತಿರುಗಿಸಿದೆ. ಒಂದು ಕಡೆ ದಾರಿ ಎಂಬುದು ಬರೀ ಮಾತಿಗೆ ಇತ್ತು. ಬಾನೆಟ್ಟಿನ ಮುಂದೆ ಆಕಾಶ ಬಿಟ್ಟು ಬೇರೇನೂ ಕಾಣಲಿಲ್ಲ.

"ಬ್ರೇಕ್ ಮೇಲಿಂದ ಕಾಲು ತೆಗಿಯೇ," ಎಂದರು ಅತ್ತೆ.

"ನಿಮಗೆ ಹೆದರಿಕೆ ಆಗಲ್ವಾ?"

"ನಿಂತಿರೋದೇ ಹೆದರಿಕೆ. ಹೋಗು."

ಹೋದೆ. ಮೇಲೆ ಹತ್ತಿದಾಗ ನಾನೇನೋ ಕೂಗಿದೆನಂತೆ. ಏನೆಂದು ಅತ್ತೆ ಹೇಳುತ್ತಿಲ್ಲ, ಬರೀ ನಗುತ್ತಾರೆ.

ಐವತ್ತಕ್ಕೆ ಸರಿಯಾಗಿ ಮರದ ನೆರಳಲ್ಲಿ ನಿಲ್ಲಿಸಿ ಮರುಬಿಗಿ ಶುರುಮಾಡಿದೆ. ನೇರಳೆ ಚಕ್ರದಲ್ಲಿ ಇಪ್ಪತ್ತನಾಲ್ಕರಲ್ಲಿ ಒಂಬತ್ತು ಇನ್ನೂ ಸ್ವಲ್ಪ ತಿರುಗಿದವು. ನಡುವೆ ಇವರ ಫೋನು. ಎತ್ತಲಿಲ್ಲ, ಕೈಯೆಲ್ಲ ಗ್ರೀಸು. ಮತ್ತೆ ಫೋನು. ನಾಲ್ಕನೆಯ ಸಲಕ್ಕೆ ಅತ್ತೆ ಎತ್ತಿದರು. "ಊಟಕ್ಕೆ ಬನ್ನಿ ಅಂತಿದ್ದಾನೆ. ಆರಿಹೋಗುತ್ತಂತೆ."

"ಇನ್ನೂ ಹದಿನಾರು ಇವೆ ಅಂತ ಹೇಳಿ. ಅರ್ಧಕ್ಕೆ ಬಿಡೋ ಕೆಲಸ ಅಲ್ಲ ಇದು."

ಮನೆಗೆ ಬಂದಾಗ ಇವರು ಗೇಟಿನ ಹತ್ತಿರ ನಿಂತಿದ್ದರು. ಎಷ್ಟು ಹೊತ್ತಿನಿಂದ ಎಂದು ಕೇಳಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು.

ಮಾರ್ಚ್ 13, ಗುರುವಾರ

ಗಾಳಿ ಅಳೆದೆ. ನೇರಳೆ ಇಪ್ಪತ್ತೆರಡು. ಹಸಿರು ಇಪ್ಪತ್ತು. ಕೆಂಪು, ಹಳದಿ ಸರಿಯಾಗಿ ಇಪ್ಪತ್ತೆಂಟು. ಸೋಮವಾರವಷ್ಟೇ ತುಂಬಿದ್ದು. ಎಲ್ಲಿ ತಪ್ಪಿದೆ?

ಮಾರ್ಚ್ 16, ಭಾನುವಾರ

ಸೋಪುನೀರು ಮಾಡಿ ಎರಡೂ ಚಕ್ರಗಳಿಗೆ ಬಳಿದೆ. ಬಳೆಯ ಅಂಚಿಗೆ, ಪ್ರತಿ ಬೋಲ್ಟಿನ ತಲೆಗೆ, ವಾಲ್ವಿಗೆ, ಒಳಮೈಗೆ. ಸೋರುವ ಕಡೆ ಗುಳ್ಳೆ ಏಳಬೇಕು. ಅರ್ಧ ಗಂಟೆ ಟಾರ್ಚು ಹಿಡಿದು ಕಾದೆ. ಒಂದು ಗುಳ್ಳೆಯೂ ಇಲ್ಲ.

"ಹಳೇ ಗಾಡಿ ಕಣೇ," ಎಂದರು ಇವರು ಬಹಳ ಸಹಾನುಭೂತಿಯಿಂದ. "ನೀನು ಪಡೋ ಕಷ್ಟ ನೋಡೋಕಾಗಲ್ಲ. ಗುತ್ತಿಗೆದಾರರಿಗೆ ಬೇಡ ಅಂದ್ಬಿಡೋಣ್ವಾ?"

"ಚಕ್ರಕ್ಕೂ ವಯಸ್ಸಾಗುತ್ತೆ," ಎಂದರು ಅತ್ತೆ, ಅದಕ್ಕಿಂತ ಹೆಚ್ಚು ಸಹಾನುಭೂತಿಯಿಂದ.

ಇಬ್ಬರೂ ನನ್ನ ಮೇಲೆ ಇಷ್ಟು ಕನಿಕರ ತೋರಿಸಿದ್ದು ನನ್ನ ಮದುವೆಯಾದ ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ನನಗೆ ಕಣ್ಣು ತುಂಬಿ ಬಂತು.

ಗಾಳಿ ಬಿಟ್ಟು, ಎರಡೂ ಬಳೆ ಬಿಚ್ಚಿ, ಅಂಚು ಒರೆಸಿ, ಮೊದಲಿನಿಂದ ಬಿಗಿದೆ. ಅಂದಮೇಲೆ ಮತ್ತೆ ಐವತ್ತು ಕಿಲೋಮೀಟರ್ ಓಡಿಸಲೇಬೇಕು. ಬೇರೆ ದಾರಿಯಿಲ್ಲ. ಅತ್ತೆಗೆ ಹೇಳುವ ಮೊದಲೇ ಅವರು ಚಪ್ಪಲಿ ಮೆಟ್ಟಿದ್ದರು.

ಮಾರ್ಚ್ 19, ಬುಧವಾರ

ನೇರಳೆ ಇಪ್ಪತ್ತಮೂರು, ಹಸಿರು ಇಪ್ಪತ್ತೊಂದು.

ಇವರು ಗಾಡಿಯ ಡ್ಯಾಷ್‌ಬೋರ್ಡಿನಲ್ಲಿ ಒಂದು ನೋಟ್‌ಪುಸ್ತಕ ಇಟ್ಟಿದ್ದಾರೆ. ಚಕ್ರಗಳಿಗೆ ಯಾವಾಗ ಏನು ಮಾಡಿದರೆಂದು ಅದರಲ್ಲಿ ಬರೆಯುತ್ತಾರೆ. ಹಿಂದೆಯೂ ಹೀಗೆ ಸೋರುತ್ತಿತ್ತೇ ಎಂದು ತಿಳಿಯಲು ತೆಗೆದೆ. ಸೋರಿದ ಸುದ್ದಿಯೇ ಇಲ್ಲ. ಕೊನೆಯ ಪುಟದಲ್ಲಿ ಅಪಘಾತದ ಹಿಂದಿನ ಭಾನುವಾರದ್ದು ಇತ್ತು:

'ಮುಂದಿನ ಎಡ. ಟೈರು ಬದಲಾಯಿಸಿದೆ. ಐವತ್ತು ಕಿ.ಮೀ. ಆಯಿತು. ಮರುಬಿಗಿ ಬಾಕಿ. ಮನೆಯಿಂದ ಕರೆ.'

ಆ ಭಾನುವಾರ ನೆನಪಿದೆ. ಅಕ್ಕ, ಭಾವ ಊಟಕ್ಕೆ ಬಂದಿದ್ದರು. "ಎಲ್ಲಿದ್ದೀರಿ? ಬೇಗ ಬನ್ನಿ. ಆ ಚಕ್ರದ ಪೂಜೆ ಆಮೇಲೆ ಮಾಡ್ಕೊಳ್ಳಿ." ನಾಲ್ಕು ಸಲ ಫೋನು ಮಾಡಿದ್ದೆ. ಬೇಕಾದರೆ ಐದೂ ಇರಬಹುದು.

ಆಸ್ಪತ್ರೆಯಲ್ಲಿ ಹೇಗಾಯಿತೆಂದು ಕೇಳಿದಾಗ ಇವರು "ಕಲ್ಲು ಜಾರಿತು" ಎಂದಿದ್ದರು. ಐದು ವಾರದಿಂದ ಅದನ್ನೇ ಹೇಳುತ್ತಿದ್ದಾರೆ.

ಪುಸ್ತಕ ಹಿಡಿದುಕೊಂಡು ಒಳಗೆ ಹೋದೆ. ಆ ಪುಟ ತೋರಿಸಿದೆ. ಇವರು ಕನ್ನಡಕ ಹುಡುಕುವ ನಾಟಕ ಮಾಡಿದರು. ಕನ್ನಡಕ ಮೂಗಿನ ಮೇಲೇ ಇತ್ತು.

"ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ಕರೆದಿದ್ದು ನೀನು, ಬಿಟ್ಟು ಬಂದಿದ್ದು ನಾನು. ಒಂದು ವಾರ ಇತ್ತು ನಂಗೆ, ಮಾಡ್ಬಹುದಿತ್ತು. ಮಾಡ್ಲಿಲ್ಲ. ಅದರಲ್ಲಿ ನಿಂದೇನಿದೆ?"

"ಗಾಡಿ ಕೊಡೋಕೆ ತಟ್ಟಂತ ಒಪ್ಪಿದ್ದು ಅದಕ್ಕೇನಾ?"

"ನಿಂಗೆ ಹೆದರಿಕೆ ಆಗಿತ್ತಲ್ಲ. ಅದು ನಿಜಾನೇ ಅಲ್ವಾ?"

ನಿಜವೇ. ನನಗೆ ಹೆದರಿಕೆಯಾಗಿತ್ತು. ಇವತ್ತು ಬೇರೆಯದೇ ಒಂದು ಆಗುತ್ತಿದೆ. ಹೆಸರು ತಿಳಿಯದು. ಹೆದರಿಕೆಗೆ ಕಾರಣವಿದ್ದದ್ದು ಕಲ್ಲಿನಲ್ಲಲ್ಲ, ಬಂಡೆಯಲ್ಲಲ್ಲ, ಇಪ್ಪತ್ತು ನಿಮಿಷದ ಒಂದು ಕೆಲಸದಲ್ಲಿ. ಇದನ್ನು ತಿಳಿದು ನನಗೆ ಸಮಾಧಾನವಾಗಬೇಕೋ, ಸಿಟ್ಟು ಬರಬೇಕೋ? ಎರಡೂ ಸರದಿಯಲ್ಲಿ ಬಂದುಹೋದವು.

ಅದಿರಲಿ, ಸೋರುವುದು ಎಲ್ಲಿ?

ಮಾರ್ಚ್ 22, ಶನಿವಾರ

ನಗು ತಡೆಯಲು ಆಗುತ್ತಿಲ್ಲ. ಅಕ್ಷರ ಸೊಟ್ಟಗಾದರೆ ಅದೇ ಕಾರಣ.

ಎಲ್ಲ ಪರೀಕ್ಷಿಸಿದ ಮೇಲೆ ಉಳಿದದ್ದು ವಾಲ್ವಿನ ಮುಚ್ಚಳ. ಓಡುವಾಗ ಅದುರಿ ಸಡಿಲವಾಗುತ್ತಿರಬಹುದು ಎಂದುಕೊಂಡು, ಬೆಳಗ್ಗೆ ಕ್ಲಿನಿಕ್ಕಿಗೆ ಹೋಗುವ ಮೊದಲು ನಾಲ್ಕೂ ಮುಚ್ಚಳಕ್ಕೆ ಆಯಾ ಚಕ್ರದ ಉಗುರುಬಣ್ಣವನ್ನು ದಪ್ಪಗೆ ಮೂರು ಸಲ ಬಳಿದೆ. ಬಿರುಕು ಬಿಟ್ಟರೆ ಮುಚ್ಚಳ ತಿರುಗಿದೆ ಎಂದರ್ಥ. ಹಳೆಯ ಬಣ್ಣ, ಬೇಗ ಒಣಗದು. ಒಣಗುವವರೆಗೆ ಕಾಯಲು ಎಲ್ಲರಿಗೂ ತಾಳ್ಮೆ ಇರುತ್ತದೆಂದು ನಾನು ಭಾವಿಸಿದ್ದೆ.

ಮಧ್ಯಾಹ್ನ ಬಂದು ಊಟಕ್ಕೆ ಕೂತೆ. ಅತ್ತೆ ಚಮಚ ಹಿಡಿದ ರೀತಿ ವಿಚಿತ್ರವಾಗಿತ್ತು. ಮುಷ್ಟಿಯೊಳಗೆ, ಹೆಬ್ಬೆರಳು ಅಡಗಿಸಿ. ಇವರ ಎಡಗೈ ಮೇಜಿನ ಕೆಳಗೇ ಇತ್ತು. ಬಲಗೈ ಜೋಲಿಯಲ್ಲಿ, ಎಡಗೈ ಮೇಜಿನ ಕೆಳಗೆ. ಮನುಷ್ಯ ಊಟ ಮಾಡುವುದಾದರೂ ಹೇಗೆ?

"ಹಸಿವಿಲ್ಲ," ಎಂದರು.

"ಎಡಗೈ ತೋರಿಸಿ."

"ಯಾಕೆ?"

"ಡಾಕ್ಟರು ಕೇಳ್ತಿದ್ದಾರೆ. ತೋರಿಸಿ."

ಹೆಬ್ಬೆರಳು, ತೋರುಬೆರಳು, ಎರಡೂ ನೇರಳೆ.

ಅತ್ತೆ ಜೋರಾಗಿ ನಕ್ಕರು. "ಕಳ್ಳ! ಹೆಂಡ್ತಿ ಅಷ್ಟು ಕಷ್ಟಪಟ್ಟು ತುಂಬಿದ ಗಾಳೀನ..." ಎನ್ನುತ್ತ ಮಗನ ಕಡೆ ಬೆರಳು ತೋರಿಸಿದರು. ಆ ಬೆರಳು ಹಸಿರಾಗಿತ್ತು.

ಅವರ ಮುಷ್ಟಿಯಿಂದ ಚಮಚ ಬಿಡಿಸಿ ನೋಡಿದೆ, ಹೆಬ್ಬೆರಳೂ ಹಸಿರು.

ಆಮೇಲೆ ತಿಳಿದದ್ದು: ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತೇ ಇರಲಿಲ್ಲ. ನಾನು ಗೇಟು ದಾಟುವುದನ್ನು ಇಬ್ಬರೂ ಬೇರೆ ಬೇರೆ ಕಿಟಕಿಯಲ್ಲಿ ಕಾಯುತ್ತಿದ್ದರು. ಇವರು ಪೆನ್ನಿನ ತುದಿಯಿಂದ ವಾಲ್ವಿನ ಪಿನ್ನು ಒತ್ತಿ ಗಾಳಿ ಬಿಡುತ್ತಿದ್ದರು, ಅತ್ತೆ ತಲೆಯ ಪಿನ್ನಿನಿಂದ. ಮುಂದಿನ ಎಡಚಕ್ರದ ಹತ್ತಿರ ಮಗ, ಹಿಂದಿನ ಬಲಚಕ್ರದ ಹತ್ತಿರ ತಾಯಿ, ನಡುವೆ ಒಂದು ಜೀಪು. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

"ನಂಗೆ ಕೊಡೋಕೆ ಮನಸ್ಸಿರ್ಲಿಲ್ಲ, ಇಲ್ಲ ಅನ್ನೋಕೆ ಮುಖ ಇರ್ಲಿಲ್ಲ," ಎಂದರು ಇವರು.

"ನಿಮಗೇನಾಗಿತ್ತು ಅತ್ತೆ?"

"ಈ ಮನೇಲಿ ನಂಗೆ ಕಾಣೋದು ಎದುರುಮನೆ ಕಾಂಪೌಂಡು. ಆ ಸೀಟಿಂದ ಒಂಬತ್ತು ಕಾಂಪೌಂಡಿನ ಒಳಗೆ ಕಾಣುತ್ತೆ. ಮೂಲೆಮನೆಯೋರು ಹಿತ್ತಲಲ್ಲಿ ಏನೇನು ಬಚ್ಚಿಟ್ಟಿದ್ದಾರೆ ಅಂತ ನಿಂಗೇನು ಗೊತ್ತು?"

ನಾನು ಸಿಟ್ಟಾಗಬೇಕಿತ್ತು. ಆದೆ ಕೂಡ, ಸುಮಾರು ಎರಡು ನಿಮಿಷ. ಎರಡೆರಡು ಬಳೆ ಬಿಚ್ಚಿ ಹಾಕಿದವಳು ನಾನು. ಆಮೇಲೆ ನನ್ನ ಮನಸ್ಸಿಗೆ ಮೊದಲು ಬಂದದ್ದೇನೆಂದರೆ, ನನ್ನ ಬಿಗಿಯಲ್ಲಿ ಯಾವ ತಪ್ಪೂ ಇರಲಿಲ್ಲ. ಒಂದು ಗುಳ್ಳೆಯೂ ಇರಲಿಲ್ಲ. ಇದು ಹೆಮ್ಮೆಯ ಸಂದರ್ಭವೇ ಎಂದು ನಾಳೆ ಯೋಚಿಸುತ್ತೇನೆ.

ಮಾರ್ಚ್ 23, ಭಾನುವಾರ

ಗುತ್ತಿಗೆದಾರರು ಬರಲು ಇನ್ನೊಂದು ವಾರ ಬಾಕಿ. ನಾಲ್ಕಕ್ಕೂ ಇಪ್ಪತ್ತೆಂಟು ತುಂಬಿದೆ. ಇಬ್ಬರಿಂದಲೂ ಮಾತು ತೆಗೆದುಕೊಂಡೆ. "ಕೊಟ್ಟ ಮಾತು ಕೊಟ್ಟ ಹಾಗೇ ಇರ್ಬೇಕು. ಇನ್ಮೇಲೆ ಒಂದು ಬೆರಳೂ ವಾಲ್ವಿನ ಹತ್ರ ಹೋಗಬಾರದು."

"ನಂದು ಹೋಗಲ್ಲ," ಎಂದರು ಇವರು.

"ನಂದೂ," ಎಂದರು ಅತ್ತೆ. ತಲೆಯ ಪಿನ್ನನ್ನೂ ಕೇಳಿ ತೆಗೆದಿಟ್ಟುಕೊಂಡೆ.

ಪಂಪು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಒಂದು ಕೇಳ್ಲಾ?" ಎಂದರು. "ಈಗ್ಲೂ ಅದು ಹೋಗ್ಬೇಕು ಅಂತಾನೇ ಇದೆಯಾ ನಿಂಗೆ?"

"ಇದೇನು ಪ್ರಶ್ನೆ? ಮಾರ್ತೀವಿ ಅಂತ ಹೇಳಿ ಆಗಿದೆ."

ಪ್ರಶ್ನೆಗೆ ಉತ್ತರ ಅದಲ್ಲ ಎಂದು ಅವರಿಗೂ ತಿಳಿಯಿತು. ಮಕ್ಕಳ ಉತ್ತರಪತ್ರಿಕೆ ತಿದ್ದಿ ತಿದ್ದಿ ಅಭ್ಯಾಸ. ಆದರೆ ಅಂಕ ಕಳೆಯಲಿಲ್ಲ.

ಮಾರ್ಚ್ 26, ಬುಧವಾರ

28, 28, 28, 28.

ಮಾರ್ಚ್ 28, ಶುಕ್ರವಾರ

28, 28, 28, 28. ಬಹಳ ಒಳ್ಳೆಯ ಚಕ್ರಗಳು. ಇಂಥ ಚಕ್ರಗಳನ್ನು ಆ ಗುತ್ತಿಗೆದಾರರು ಹೇಗೆ ನೋಡಿಕೊಳ್ಳುತ್ತಾರೋ. ಫೋನು ಮಾಡಿ ಮರುಬಿಗಿಯ ವಿಷಯ ಹೇಳಿದೆ. "ಅದೆಲ್ಲ ನಮ್ಮ ಡ್ರೈವರ್ ನೋಡ್ಕೋತಾನೆ, ಒಂದ್ಸಲ ಗಟ್ಟಿಯಾಗಿ ತಿರುಗಿಸಿಬಿಟ್ರೆ ಆಯ್ತಲ್ಲ," ಎಂದರು.

ಗಟ್ಟಿಯಾಗಿ! ಎದುರು-ಬದುರು ಇಲ್ಲ, ಇಪ್ಪತ್ತರ ಗುರುತಿಲ್ಲ. ಸುರುಳಿ ಗೀರು ಸವೆದುಹೋಗುತ್ತದೆ, ಬೋಲ್ಟು ತುಂಡಾಗುತ್ತದೆ. ಅದನ್ನೂ ಹೇಳಿದೆ. ಅವರು ಇನ್ನೊಂದು ಫೋನು ಬರುತ್ತಿದೆ ಎಂದರು.

ಸಂಜೆ ಕ್ಲಿನಿಕ್ಕಿನಲ್ಲಿ ಒಬ್ಬರ ಹಲ್ಲಿನ ಸ್ಕ್ರೂ ಬಿಗಿಯುವಾಗ ಮನಸ್ಸಿನಲ್ಲೇ "ಎದುರಿಗಿಂದು" ಎಂದುಕೊಂಡೆ. ಒಂದೇ ಹಲ್ಲು ಇತ್ತು.

ಮಾರ್ಚ್ 29, ಶನಿವಾರ

ಜೀಪು ತೊಳೆದೆ. ಬಳೆಯ ಸಂದಿನ ಮಣ್ಣನ್ನು ಬ್ರಷ್ಷಿನಿಂದ ತೆಗೆದೆ. ತೊಂಬತ್ತಾರು ಗೆರೆಗಳನ್ನೂ ಎಣಿಸಿದೆ. ಒಂದೂ ಮುರಿದಿಲ್ಲ. ನಾಲ್ಕೂ 28. ಮುಚ್ಚಳ ಹಾಕಿ ಮತ್ತೆ ಆಯಾ ಬಣ್ಣ ಬಳಿದೆ.

ಅತ್ತೆ ಸೀಟಿನಲ್ಲಿ ಸುಮ್ಮನೆ ಅರ್ಧ ಗಂಟೆ ಕೂತಿದ್ದು ಇಳಿದರು. ಗಾಡಿ ಎಲ್ಲಿಯೂ ಹೋಗಿರಲಿಲ್ಲ. ಇವರು ನೋಟ್‌ಪುಸ್ತಕವನ್ನು ಡ್ಯಾಷ್‌ಬೋರ್ಡಿನಿಂದ ತೆಗೆದು ತಂದರು. "ಇದು ಅವರಿಗೆ ಯಾಕೆ," ಎಂದು ನನ್ನ ಕೈಗೆ ಕೊಟ್ಟರು. ಕೊನೆಯ ಮೂರು ಪುಟ ಪೂರ್ತಿ ನನ್ನ ಅಕ್ಷರ. ಅಷ್ಟು ಬರೆದದ್ದು ಯಾವಾಗಲೋ.

ಬೇಗ ಮಲಗುತ್ತೇನೆ. ಬೆಳಗ್ಗೆ ಸ್ವಲ್ಪ ಕೆಲಸವಿದೆ.

ಮಾರ್ಚ್ 30, ಭಾನುವಾರ

ಗುತ್ತಿಗೆದಾರರು ಹತ್ತಕ್ಕೆ ಬಂದರು, ತಮ್ಮದೇ ಗಾಳಿಮಾಪಕ ಹಿಡಿದು. ಇವರು ಒಂದು ಕಡೆ, ಅತ್ತೆ ಒಂದು ಕಡೆ, ಇಬ್ಬರೂ ಕೈಗಳನ್ನು ಎಲ್ಲರಿಗೂ ಕಾಣುವಂತೆ ಮುಂದೆ ಹಿಡಿದು ನಿಂತಿದ್ದರು.

ಮುಂದಿನ ಎಡ, ಇಪ್ಪತ್ತೆಂಟು. ಮುಂದಿನ ಬಲ, ಇಪ್ಪತ್ತೆಂಟು. ಹಿಂದಿನ ಬಲ, ಇಪ್ಪತ್ತೆಂಟು. ಗುತ್ತಿಗೆದಾರರ ಮುಖ ಅರಳುತ್ತ ಬಂತು. ಇವರ ಮುಖ ಅಷ್ಟೇ ಬಾಡುತ್ತ ಹೋಯಿತು. ಅತ್ತೆ ಮೂಲೆಮನೆಯ ಕಡೆ ಕೊನೆಯ ಸಲವೆಂಬಂತೆ ನೋಡಿದರು.

ಹಿಂದಿನ ಎಡ, ಹದಿನೇಳು.

ಗುತ್ತಿಗೆದಾರರು ಮತ್ತೊಮ್ಮೆ ಇಟ್ಟು ನೋಡಿದರು. ಹದಿನೇಳೇ.

ಇವರು ತಟ್ಟನೆ ಅತ್ತೆಯ ಕಡೆ ನೋಡಿದರು. ಅತ್ತೆ ಇವರ ಕಡೆ ನೋಡಿದರು. "ಆಣೆ ಮಾಡ್ತೀನಿ, ನಾನಲ್ಲ," ಎಂದರು ಇಬ್ಬರೂ ಒಟ್ಟಿಗೆ. ಗುತ್ತಿಗೆದಾರರಿಗೆ ಏನೂ ಅರ್ಥವಾಗಲಿಲ್ಲ.

"ನೋಡಿದ್ರಾ? ಇದನ್ನೇ ನಾನು ಹೇಳಿದ್ದು," ಎಂದರು ಅವರು. "ಮೂರು ಚಕ್ರ ಸರಿ ಇದ್ದು ಏನು ಬಂತು? ಬಟ್ಟ ಬಯಲಲ್ಲಿ ನಿಲ್ಸೋದು ನಾಲ್ಕನೇದೇ."

"ನಿಮಗೆ ತೊಂದರೆ ಆಯ್ತು, ಕ್ಷಮಿಸಿ," ಎಂದೆ. ನಿಜವಾಗಿ ಬೇಸರವಾಗಿತ್ತು, ಅವರು ಅಷ್ಟು ದೂರದಿಂದ ಬಂದಿದ್ದಕ್ಕೆ. ಟೀ ಕೊಟ್ಟೆ. ಡಾಂಬರು ರಸ್ತೆಗೆ ಸಾಧಾರಣ ಚಕ್ರದ ಗಾಡಿಯೇ ಒಳ್ಳೆಯದೆಂದೂ, ನೋಡಿಕೊಳ್ಳಲು ಬಿಡುವಿಲ್ಲದವರಿಗೆ ಬೀಡ್‌ಲಾಕ್ ಬರೀ ತಲೆನೋವೆಂದೂ ವಿವರವಾಗಿ ತಿಳಿಸಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅವರು ನನಗೆ ಕೈಮುಗಿದು ಹೊರಟರು. "ನೀವು ಪ್ರಾಮಾಣಿಕರು ಮೇಡಂ," ಎಂದರು.

ಗೇಟು ಹಾಕಿ ಬಂದಾಗ ತಾಯಿ ಮಗ ಇಬ್ಬರೂ ಅಂಗಳದಲ್ಲಿ ನಿಂತೇ ಇದ್ದರು.

"ಹಿಂದಿನ ಎಡಗಡೆ ಚಕ್ರ ನಾವು ಯಾರೂ ಮುಟ್ಟೇ ಇಲ್ಲ," ಎಂದರು ಇವರು, ಒಂದೊಂದೇ ಪದ ಬಿಡಿಸಿ.

"ಹಳೇ ಗಾಡಿ ರೀ," ಎಂದೆ.

"ಚಕ್ರಕ್ಕೂ ವಯಸ್ಸಾಗುತ್ತೆ," ಎಂದರು ಅತ್ತೆ, ನನ್ನನ್ನೇ ನೋಡುತ್ತ.

ಆಮೇಲೆ ಇವರಿಗೆ ಖಂಡಿತವಾಗಿ ಹೇಳಿದೆ. ಇನ್ನೊಬ್ಬರು ಸಿಗುವವರೆಗೆ ಗಾಡಿ ಇಲ್ಲೇ ಇರಲಿ. ಆದರೆ ವ್ರೆಂಚು ನನ್ನ ಬಳಿ. ನೋಟ್‌ಪುಸ್ತಕ ನನ್ನ ಬಳಿ. ನಾನು ಸಹಿ ಹಾಕದೆ ಗಾಡಿ ಗೇಟು ದಾಟಕೂಡದು. ಮರುಬಿಗಿ ನಡೆಯುವಾಗ ಅಕ್ಕ ಬರಲಿ, ಭಾವ ಬರಲಿ, ಫೋನು ಮಾಡುವ ಹಾಗಿಲ್ಲ. ನಾನೂ ಸೇರಿ. ಅದರಲ್ಲೂ ನಾನು.

"ಇನ್ನೊಬ್ಬರನ್ನ ಯಾವಾಗ ಹುಡುಕೋದು?" ಎಂದರು.

"ಭುಜ ವಾಸಿಯಾಗ್ಲಿ. ಏನವಸರ?"

ಇವರು ನಗಲಿಲ್ಲ. ಎಡಗೈಯಿಂದ ನನ್ನ ತಲೆಯ ಮೇಲೆ ಅಂಟಿಕೊಂಡಿದ್ದ ಏನನ್ನೋ ತೆಗೆದರು. ಬೂದುಬಣ್ಣದ ಪೇಸ್ಟು.

ಮಾರ್ಚ್ 31, ಸೋಮವಾರ

ಹಿಂದಿನ ಎಡಚಕ್ರಕ್ಕೆ ಸೋಪುನೀರು ಹಾಕಿ ನೋಡಿದೆ. ಗುಳ್ಳೆಯಿಲ್ಲ. ಇಪ್ಪತ್ತೆಂಟು ತುಂಬಿದೆ, ಸಂಜೆಯವರೆಗೂ ಇಪ್ಪತ್ತೆಂಟೇ ಇತ್ತು. ಕಾರಣ ಹೇಳಲಾಗದು. ಎಷ್ಟೋ ಹಲ್ಲುನೋವುಗಳಿಗೂ ಕಾರಣ ಸಿಗುವುದಿಲ್ಲ. ಭಾನುವಾರ ಐವತ್ತು ಕಿಲೋಮೀಟರ್ ಓಡಿಸಿ ನೋಡಬೇಕು. ಕಲ್ಲುಗಣಿಯ ಆಚೆ ಇನ್ನೊಂದು ದಾರಿ ಇದೆಯೆಂದು ಅತ್ತೆ ಹೇಳುತ್ತಾರೆ.

ಕ್ಲಿನಿಕ್ಕಿನಲ್ಲಿ ಕೊನೆಯ ರೋಗಿ ಹೋದ ಮೇಲೆ ಕೈಗವಸು ತೆಗೆದೆ. ಹನ್ನೆರಡು ವರ್ಷದಿಂದ ಜೊತೆಗಿರುವ ನರ್ಸಮ್ಮ ನನ್ನ ಬಲಗೈಯನ್ನು ನೋಡುತ್ತ ನಿಂತರು.

"ಡಾಕ್ಟ್ರೇ, ಹೆಬ್ಬೆರಳಿಗೆ ಏನಾಯ್ತು?"

"ಯಾವುದೋ ಔಷಧಿ ತಾಗಿದೆ," ಎಂದೆ.

"ನಮ್ಮಲ್ಲಿ ಹಳದಿ ಔಷಧಿ ಯಾವುದೂ ಇಲ್ವಲ್ಲ."

ಆಕೆ ಉಗುರುಬಣ್ಣ ಅಳಿಸುವ ಅಸಿಟೋನ್ ಶೀಶೆಯನ್ನೂ ಒಂದು ಚೂರು ಹತ್ತಿಯನ್ನೂ ನನ್ನ ಮುಂದಿಟ್ಟು, ದೀಪ ಆರಿಸಲು ಹೋದರು.